ವೀಸಾ ಇತ್ತು, ಸಂಬಳವೂ ಇತ್ತು, ಬಿಟ್ಟು ಬರುವಂತಿರಲಿಲ್ಲ

ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಬೇರೆಯೇ ಅರ್ಥ. ಎಫ್ ಅಂದರೆ ಎಂಎಸ್ ಓದಲು ಹೊರಟವರದ್ದು. ಎಚ್ ಅಂದರೆ ಕೆಲಸ ಗಿಟ್ಟಿಸಿಕೊಂಡವರದ್ದು. ಬಿ ಅಂದರೆ ಮಗಳ ಬಾಣಂತನಕ್ಕೆ ಮೆಂತ್ಯದ ಹಿಟ್ಟು, ಅಂಟಿನುಂಡೆ ಕಟ್ಟಿಕೊಂಡು ವಿಮಾನ ಹತ್ತುವ ಅಮ್ಮಂದಿರದ್ದು. ರಾತ್ರಿ ಊಟ ಮುಗಿಸಿ ಕುಳಿತರೆ ಯಾರ ಬಾಯಲ್ಲೂ ಇವೇ ಅಕ್ಷರ. ಆದರೆ ಅಮೆರಿಕದ ವೀಸಾಗಳ ಪಟ್ಟಿಯಲ್ಲಿ 'ಟಿ' ಅಂತಲೂ ಒಂದಿದೆ. ಅದಕ್ಕೆ ಕೋಚಿಂಗ್ ಇಲ್ಲ, ಏಜೆಂಟ್ ಇಲ್ಲ, ಅರ್ಜಿ ಶುಲ್ಕವೂ ಇಲ್ಲ. ಅದು ಮಾನವ ಕಳ್ಳಸಾಗಣೆಗೆ ಬಲಿಯಾದವರಿಗೆ ಕೊಡುವ ವೀಸಾ.

'ಕಳ್ಳಸಾಗಣೆ' ಅನ್ನುವ ನಮ್ಮ ಕನ್ನಡ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಆ ಪದ ಕೇಳಿದ ಕೂಡಲೇ ಕಣ್ಣಿಗೆ ಬರುವುದು ಕತ್ತಲು, ಲಾರಿ, ಟಾರ್ಪಾಲಿನ ಕೆಳಗೆ ಬಚ್ಚಿಟ್ಟ ಜನ, ಗಡಿ ದಾಟಿಸುವ ದಲ್ಲಾಳಿ. ಕಾನೂನು ಹೇಳುವುದು ಬೇರೆ. ಮನುಷ್ಯನನ್ನು ಕದ್ದು ಸಾಗಿಸಿದರೋ ಇಲ್ಲವೋ ಅದಕ್ಕೆ ಮುಖ್ಯವಲ್ಲ. ಬಲವಂತದಿಂದಲೋ ಮೋಸದಿಂದಲೋ ಬೆದರಿಕೆಯಿಂದಲೋ ದುಡಿಸಿಕೊಂಡರೇ ಅನ್ನುವುದು ಮುಖ್ಯ. ಹಾಗಾಗಿ ಪಾಸ್‌ಪೋರ್ಟ್ ಹಿಡಿದು, ವೀಸಾ ಮುದ್ರೆ ಹಾಕಿಸಿಕೊಂಡು, ಹಗಲು ಹೊತ್ತಿನಲ್ಲೇ ವಿಮಾನದಿಂದ ಇಳಿದವರೂ ಕಳ್ಳಸಾಗಣೆಗೆ ಒಳಗಾದವರು ಆಗಿರಬಹುದು. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ನಮ್ಮ ದೇಶದ ಸುಮಾರು 500 ವೆಲ್ಡರ್ ಮತ್ತು ಪೈಪ್‌ಫಿಟ್ಟರುಗಳದ್ದು.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ಗಲ್ಫ್ ಕರಾವಳಿಯನ್ನು ಹೊಡೆದು ಹಾಕಿತು. ಸಮುದ್ರದ ತೈಲ ಬಾವಿಗಳ ರಿಗ್ಗುಗಳು ಮುರಿದುಬಿದ್ದವು. ಅವನ್ನು ರಿಪೇರಿ ಮಾಡುವ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿಗೆ ನುರಿತ ಕೈಗಳು ಬೇಕಾದವು. ಮಿಸಿಸಿಪ್ಪಿಯ ಪಾಸ್ಕಗೂಲಾ, ಟೆಕ್ಸಾಸ್‌ನ ಆರೆಂಜ್, ಈ ಎರಡು ಊರುಗಳಲ್ಲಿ ಅದರ ಯಾರ್ಡುಗಳಿದ್ದವು. ಮುಂಬೈ ಮೂಲದ ನೇಮಕಾತಿ ಏಜೆಂಟರ ಮೂಲಕ ಭಾರತದಲ್ಲೂ ದುಬೈ ಕಡೆಯಲ್ಲೂ ಜನರನ್ನು ಹುಡುಕಿದರು. ಬಂದವರಲ್ಲಿ ಕೇರಳದವರು ಬಹಳ. ಅವರಿಗೆ ಹೇಳಿದ್ದು ಒಂದೇ ಮಾತು: ಹೋದ ಮೇಲೆ ಗ್ರೀನ್ ಕಾರ್ಡ್ ಆಗುತ್ತದೆ, ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಒಬ್ಬೊಬ್ಬರಿಂದ ತೆಗೆದುಕೊಂಡದ್ದು ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷದಿಂದ ಒಂಬತ್ತು ಲಕ್ಷ ರೂಪಾಯಿ. ಹೊಲ ಮಾರಿದರು, ಮನೆ ಅಡ ಇಟ್ಟರು, ಹೆಂಡತಿಯ ಬಂಗಾರ ಮಾರಿದರು, ಉಳಿದದ್ದಕ್ಕೆ ಬಡ್ಡಿ ಸಾಲ.

ಕೈಗೆ ಸಿಕ್ಕಿದ್ದು ಎಚ್-2ಬಿ ವೀಸಾ. ಅದು ತಾತ್ಕಾಲಿಕ ಕೆಲಸದ್ದು, ತಿಂಗಳುಗಳ ಲೆಕ್ಕದ್ದು. ಗ್ರೀನ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ವೀಸಾ ಒಂದೇ ಕಂಪನಿಗೆ ಕಟ್ಟಿಹಾಕಿದ್ದು. ಪಕ್ಕದ ಯಾರ್ಡಿನಲ್ಲಿ ಕೆಲಸ ಖಾಲಿ ಇದ್ದರೂ ಆಗ ಅಲ್ಲಿಗೆ ಹೋಗುವಂತಿರಲಿಲ್ಲ. ಆಗಿನ ನಿಯಮದಂತೆ ಈ ಕಂಪನಿ ಬಿಟ್ಟ ದಿನವೇ ಅವರು ಅಲ್ಲಿ ಅಕ್ರಮ ವಾಸಿಗಳಾಗುತ್ತಿದ್ದರು.

ಯಾರ್ಡಿನೊಳಗೆ ಬೇಲಿ ಹಾಕಿದ ಕ್ಯಾಂಪು, ಗೇಟಿನಲ್ಲಿ ಕಾವಲುಗಾರರು. ಒಂದೊಂದು ಟ್ರೈಲರ್ ಮನೆಯಲ್ಲಿ 24 ಜನ. ಅದಕ್ಕೆ ದಿನಕ್ಕೆ 35 ಡಾಲರಿನಂತೆ ತಿಂಗಳಿಗೆ 1,050 ಡಾಲರ್ ಸಂಬಳದಲ್ಲಿ ಕಡಿತ. ಒಂದು ಟ್ರೈಲರಿನ ತಿಂಗಳ ಬಾಡಿಗೆ ಎಷ್ಟಾಯಿತು ಎಂದು ನಾನು ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ನೋಡಿದೆ: 25,200 ಡಾಲರ್. ಮೊದಲ ಸೆಮಿಸ್ಟರಿನ ವರ್ಕ್‌ಶಾಪಿನಲ್ಲಿ ಒಂದು ಬಟ್ ಜಾಯಿಂಟ್ ಸರಿಯಾಗಿ ಕೂಡಿಸಲು ಒದ್ದಾಡಿದ ನಮ್ಮಂಥವರಿಗೆ ಗೊತ್ತು, ರಿಗ್ಗಿನ ಮೇಲೆ ನಿಂತು ವೆಲ್ಡಿಂಗ್ ಮಾಡುವುದು ಎಂಥ ಕಸುಬು ಅಂತ. ಅಂಥ ಕಸುಬುದಾರರು ಸಂಜೆ ಆ ಟ್ರೈಲರಿನ ಸ್ನಾನದ ಸಾಲಿನಲ್ಲಿ ನಿಲ್ಲುತ್ತಿದ್ದರು.

ಕೆಲವರು ಗಟ್ಟಿಯಾಗಿ ಮಾತಾಡತೊಡಗಿದರು, ವಕೀಲರನ್ನು ಸಂಪರ್ಕಿಸಿದರು. 2007ರ ಮಾರ್ಚ್ 9ರ ನಸುಕಿನಲ್ಲಿ ಕಾವಲುಗಾರರು ಬಂದು ಅಂಥ ಕೆಲವರನ್ನು ಹಾಸಿಗೆಯಿಂದ ಎಬ್ಬಿಸಿ ಕೂಡಿಹಾಕಿದರು. ಭಾರತಕ್ಕೆ ವಾಪಸ್ ಕಳಿಸುವುದು ಉದ್ದೇಶ. ತೀರದ ಸಾಲದ ಜೊತೆ ಊರಿಗೆ ಮರಳಬೇಕೆಂಬುದನ್ನು ತಾಳಲಾರದೆ ಒಬ್ಬರು ಅಲ್ಲೇ ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ಪುಣ್ಯಕ್ಕೆ ಬದುಕಿದರು. ಮರುವರ್ಷ ಮಾರ್ಚ್‌ನಲ್ಲಿ ಸುಮಾರು ನೂರು ಜನ ಹೆಲ್ಮೆಟ್ ಎಸೆದು ಗೇಟಿನಿಂದ ಹೊರಗೆ ಬಂದರು. ನ್ಯೂ ಆರ್ಲಿಯನ್ಸ್‌ನಿಂದ ವಾಷಿಂಗ್ಟನ್ ಕಡೆಗೆ ಯಾತ್ರೆ ಹೊರಟರು, ಭಾರತೀಯ ರಾಯಭಾರ ಕಚೇರಿಯ ಬಾಗಿಲು ತಟ್ಟಿದರು, ಮೇ ತಿಂಗಳಲ್ಲಿ ಉಪವಾಸ ಕುಳಿತರು.

ರಜೆಗೆ ಊರಿಗೆ ಹೋದಾಗ ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ನಮ್ಮದು ಹಾವೇರಿ ಕಡೆ. ಅಪ್ಪನಿಗೆ ಗ್ರಿಲ್, ಗೇಟು ಮಾಡುವ ಸಣ್ಣ ಅಂಗಡಿ ಇದೆ, ವೆಲ್ಡರುಗಳ ಬದುಕು ಅವರಿಗೆ ಹೊಸದಲ್ಲ. "ಸಂಬಳ ಕೊಟ್ಟಾರ, ವೀಸಾ ಐತಿ, ಯಾರೂ ಹೊಡದಿಲ್ಲ ಬಡದಿಲ್ಲ. ಸೇರಲಿಲ್ಲಂದ್ರ ಬಿಟ್ಟು ಬರಬೇಕಿತ್ತು. ಇದರಾಗ ಕಳ್ಳಸಾಗಣೆ ಎಲ್ಲಿ ಬಂತು?" ಅಂದರು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜ ನಡುವೆ ಬಾಯಿ ಹಾಕಿದರು: "ಸಾಲ ಮಾಡಿ ಹ್ವಾದಾಂವ ಹ್ಯಾಂಗ ಬಿಟ್ಟು ಬರ್ತಾನೋ? ಜೀತದಾಂವಗೂ ಯಾರೂ ಬೇಡಿ ಹಾಕಿರಲಿಲ್ಲ."

ಅಪ್ಪನ ಪ್ರಶ್ನೆ ಹಗುರದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟೇ ಒಮ್ಮೆ ಹೆಚ್ಚುಕಡಿಮೆ ಅದೇ ಮಾತು ಆಡಿತ್ತು. ಮಿಷಿಗನ್‌ನ ಒಂದು ಹೈನುಗಾರಿಕೆ ಫಾರಂನಲ್ಲಿ ಬುದ್ಧಿಮಾಂದ್ಯರಾದ ಇಬ್ಬರನ್ನು ವಾರದ ಏಳೂ ದಿನ, ಸಂಬಳವಿಲ್ಲದೆ ದುಡಿಸಿಕೊಂಡಿದ್ದ ಪ್ರಕರಣ ಅದು. ಕೊಜ್ಮಿನ್‌ಸ್ಕಿ ಪ್ರಕರಣ ಎಂದೇ ಹೆಸರು. 1988ರಲ್ಲಿ ಕೋರ್ಟು ಹೇಳಿದ್ದು: ದೈಹಿಕ ಬಲಪ್ರಯೋಗ ಅಥವಾ ಕಾನೂನಿನ ಹೆಸರಿನ ಬೆದರಿಕೆ ಇದ್ದರೆ ಮಾತ್ರ ಅದು ಬಲವಂತದ ಗುಲಾಮಿ, ಮನಸ್ಸಿನ ಮೇಲೆ ಹಾಕಿದ ಒತ್ತಡವೊಂದೇ ಸಾಲದು.

ಅಜ್ಜನ ಮಾತಿಗೆ ಹತ್ತಿರದ ತೀರ್ಪು ನಮ್ಮಲ್ಲಿ ಅದಕ್ಕೆ ಆರು ವರ್ಷ ಮೊದಲೇ ಬಂದಿತ್ತು. 1982ರ ದೆಹಲಿ ಏಷ್ಯಾಡ್ ಕ್ರೀಡಾಂಗಣಗಳ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಹಸಿವು ಮತ್ತು ಬಡತನದ ಒತ್ತಾಯವೂ 'ಬಲವಂತ'ವೇ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದಿತ್ತು. ಅದಕ್ಕೂ ಮೊದಲು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ, ಮುಂಗಡ ಸಾಲವನ್ನೇ ಜೀತದ ಬೇರು ಎಂದು ಗುರುತಿಸಿತ್ತು. ಕಾಗದದ ಮೇಲೆ ನಾವು ಮುಂದೆಯೇ ಇದ್ದೆವು. ಕಾಗದದಿಂದ ಇಟ್ಟಿಗೆ ಭಟ್ಟಿಯ ತನಕ ಇರುವ ದೂರ ಬೇರೆ ಮಾತು.

ಅಮೆರಿಕದ ಕಣ್ಣು ತೆರೆಸಿದ್ದು 1990ರ ದಶಕದ ಕೆಲವು ಘಟನೆಗಳು. 1995ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಎಲ್ ಮಾಂಟೆ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನೊಳಗೆ, ಮುಳ್ಳುತಂತಿ ಬೇಲಿಯ ಹಿಂದೆ, ಬಟ್ಟೆ ಹೊಲಿಯುತ್ತಿದ್ದ ಥಾಯ್ಲೆಂಡಿನ 72 ಜನ ಸಿಕ್ಕರು. ಬಿಡಿಸಿದ ಸರ್ಕಾರ ಅವರನ್ನು ಮೊದಲು ಒಯ್ದದ್ದು ಎಲ್ಲಿಗೆ? ವಲಸೆ ಇಲಾಖೆಯ ಬಂಧನಕ್ಕೆ. ಕಾಗದಪತ್ರ ಸರಿ ಇಲ್ಲದವರು ಎಂಬುದೇ ಅವರ ಮೊದಲ ಗುರುತಾಯಿತು. 1999ರ ಕೊನೆಗೆ ಬರ್ಕ್ಲಿಯಲ್ಲಿ ಇನ್ನೊಂದು. ಆಂಧ್ರ ಮೂಲದ ದೊಡ್ಡ ಆಸ್ತಿವಂತ ಲಕಿರೆಡ್ಡಿ ಬಾಲಿ ರೆಡ್ಡಿಯ ಅಪಾರ್ಟ್‌ಮೆಂಟಿನಲ್ಲಿ ವಿಷಾನಿಲದಿಂದ ಹದಿಹರೆಯದ ಭಾರತೀಯ ಹುಡುಗಿಯೊಬ್ಬಳು ತೀರಿಕೊಂಡಳು. ಈ ವಯಸ್ಸಿನ ಹುಡುಗಿ ಶಾಲೆಗೆ ಯಾಕೆ ಹೋಗುತ್ತಿರಲಿಲ್ಲ ಎಂದು ಕೇಳಿದ್ದು ಬರ್ಕ್ಲಿ ಹೈಸ್ಕೂಲಿನ ವಿದ್ಯಾರ್ಥಿ ಪತ್ರಿಕೆಯ ಇಬ್ಬರು ಹುಡುಗಿಯರು. ಅವರು ಬರೆದ ವರದಿಯಲ್ಲಿ ಜೀತದ ಅನುಮಾನ ಮೊದಲು ಅಚ್ಚಾಯಿತು. ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಸುಳ್ಳು ವೀಸಾದಲ್ಲಿ ತಂದು ದುಡಿಸಿಕೊಂಡು ಶೋಷಿಸುತ್ತಿದ್ದದ್ದು ಬಯಲಾಗಿ 2001ರಲ್ಲಿ ರೆಡ್ಡಿಗೆ ಎಂಟು ವರ್ಷದಷ್ಟು ಜೈಲಾಯಿತು. ನನಗಿಂತ ಚಿಕ್ಕವರು, ಸ್ಕೂಲ್ ಪತ್ರಿಕೆಯಲ್ಲಿ!

2000ದ ಅಕ್ಟೋಬರ್ 28ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಮಾನವ ಕಳ್ಳಸಾಗಣೆ ಸಂತ್ರಸ್ತರ ರಕ್ಷಣಾ ಕಾಯ್ದೆ, ಕೊಜ್ಮಿನ್‌ಸ್ಕಿ ತೀರ್ಪು ಬಿಟ್ಟಿದ್ದ ಕಂದಕವನ್ನು ಮುಚ್ಚಿತು. ಹೊಡೆಯದೆಯೂ ದುಡಿಸಿಕೊಳ್ಳಬಹುದು ಎಂದು ಒಪ್ಪಿಕೊಂಡಿತು. 2008ರ ತಿದ್ದುಪಡಿಯಲ್ಲಿ 'ಗಂಭೀರ ಹಾನಿ' ಎಂದರೆ ಮಾನಸಿಕ, ಆರ್ಥಿಕ, ಮರ್ಯಾದೆಯ ಹಾನಿಯೂ ಸೇರುತ್ತದೆ ಎಂದು ಬರೆದರು. ಟಿ ವೀಸಾ ಹುಟ್ಟಿದ್ದು ಈ ಕಾಯ್ದೆಯಲ್ಲೇ.

ಇದು ಯಾರಿಗೆ ಸಿಗುತ್ತದೆ? ಮೊದಲನೆಯದಾಗಿ, ಕಾಯ್ದೆ ಹೇಳುವ ತೀವ್ರ ಸ್ವರೂಪದ ಕಳ್ಳಸಾಗಣೆಗೆ ಒಳಗಾಗಿರಬೇಕು: ಲೈಂಗಿಕ ಶೋಷಣೆ, ಅಥವಾ ಬಲವಂತ, ವಂಚನೆ, ಬೆದರಿಕೆಯಿಂದ ದುಡಿಸಿಕೊಂಡದ್ದು. ಆ ಕಾರಣದಿಂದಾಗಿಯೇ ಈಗ ಅಮೆರಿಕದ ನೆಲದಲ್ಲಿರಬೇಕು. ಎಂದರೆ, ಹೇಗೋ ತಪ್ಪಿಸಿಕೊಂಡು ಊರಿಗೆ ಮರಳಿದವನಿಗೆ ಈ ಬಾಗಿಲು ಸಾಮಾನ್ಯವಾಗಿ ಮುಚ್ಚಿದಂತೆಯೇ. ಅಪರಾಧದ ತನಿಖೆಗೆ ಅಧಿಕಾರಿಗಳು ಕೇಳುವ ನ್ಯಾಯವಾದ ಸಹಕಾರ ಕೊಟ್ಟಿರಬೇಕು. 18 ವರ್ಷ ತುಂಬದ ಮಕ್ಕಳಿಗೂ ಆಘಾತದಿಂದ ಮಾತಾಡಲಾಗದ ಸ್ಥಿತಿಯಲ್ಲಿ ಇರುವವರಿಗೂ ಇದರಿಂದ ವಿನಾಯಿತಿ ಇದೆ. ಕೊನೆಗೆ, ವಾಪಸ್ ಕಳಿಸಿದರೆ ಅಸಾಮಾನ್ಯವಾದ, ತೀವ್ರವಾದ ತೊಂದರೆ ಆಗುತ್ತದೆ ಎಂದು ತೋರಿಸಬೇಕು. ಅಕ್ರಮವಾಗಿ ಗಡಿ ದಾಟಿ ಬಂದವರು, ವೀಸಾ ಅವಧಿ ಮೀರಿದವರು ಕೂಡ ಕ್ಷಮೆ ಕೋರಿ ಅರ್ಜಿ ಹಾಕಬಹುದು. ಫಾರಂ ಹೆಸರು ಐ-914.

ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಆ ಕೊನೆಯ ಷರತ್ತು. ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಬರೀ ಹಣಕಾಸಿನ ನಷ್ಟವನ್ನು, ಉದ್ಯೋಗಾವಕಾಶದ ಕೊರತೆಯನ್ನು 'ತೀವ್ರ ತೊಂದರೆ' ಎಂದು ಪರಿಗಣಿಸುವಂತಿಲ್ಲ. ಮನುಷ್ಯನನ್ನು ಕ್ಯಾಂಪಿನಲ್ಲಿ ಹಿಡಿದಿಟ್ಟದ್ದು ಸಾಲ ಎಂದು ಒಂದು ಷರತ್ತಿನಲ್ಲಿ ಒಪ್ಪುವ ಕಾನೂನು, ಮತ್ತೊಂದು ಷರತ್ತಿಗೆ ಬಂದಾಗ ಅದೇ ಸಾಲವೊಂದನ್ನೇ ತೋರಿಸಿದರೆ ಸಾಲದು ಅನ್ನುತ್ತದೆ. ಆಗ ವಕೀಲರು ಬೇರೆಯದನ್ನು ಕಟ್ಟಿ ತೋರಿಸಬೇಕು: ಸಾಲ ಕೊಟ್ಟವರ ಬೆದರಿಕೆ, ಏಜೆಂಟನ ಸೇಡು, ಮನೋವೈದ್ಯರ ಚಿಕಿತ್ಸೆ ಊರಲ್ಲಿ ಸಿಗದಿರುವುದು, ಹೀಗೆ. ಅಜ್ಜನಿಗೆ ಒಂದೇ ವಾಕ್ಯದಲ್ಲಿ ತಿಳಿದದ್ದನ್ನು ಇಲ್ಲಿ ಕಡತಗಟ್ಟಲೆ ಪುರಾವೆಯಿಂದ ಹೇಳಬೇಕು.

ಪೊಲೀಸರ ಸಹಕಾರದ ಷರತ್ತೂ ಕೇಳಲು ಸರಳ, ನಡೆಯಲು ಕಷ್ಟ. ತನಿಖಾ ಸಂಸ್ಥೆ 'ಇವರು ಸಂತ್ರಸ್ತರು' ಎಂದು ಸಹಿ ಮಾಡಿ ಕೊಡುವ ಒಂದು ಪ್ರಮಾಣಪತ್ರ ಇದೆ. ಕಡ್ಡಾಯವಲ್ಲ, ಆದರೆ ಇದ್ದರೆ ಅರ್ಜಿಗೆ ಬಲ. ಸಿಗ್ನಲ್ ಕಾರ್ಮಿಕರು ಹೋಗಿ ದೂರು ಹೇಳಬೇಕಾದದ್ದು ಯಾರಿಗೆ? ಗಡಿಪಾರು ಮಾಡುವ ಇಲಾಖೆಯೂ ಕಳ್ಳಸಾಗಣೆ ತನಿಖೆ ಮಾಡುವ ಇಲಾಖೆಯೂ ಒಂದೇ. ತಕರಾರು ಮಾಡುವವರನ್ನು ಸದ್ದಿಲ್ಲದೆ ವಿಮಾನ ಹತ್ತಿಸುವುದು ಹೇಗೆ ಎಂದು ಆ ಇಲಾಖೆಯವರೇ ತಮಗೆ ಸಲಹೆ ಕೊಟ್ಟಿದ್ದರು ಎಂದು ಕಂಪನಿಯ ಕಡೆಯವರು ಹೇಳಿದ್ದು ಮುಂದೆ ನ್ಯಾಯಾಲಯದ ದಾಖಲೆಗಳಲ್ಲಿ ಹೊರಬಂತು. ಅಂಥ ಬಾಗಿಲಿಗೇ ಹೋಗಿ 'ನಮ್ಮನ್ನು ಕಾಪಾಡಿ' ಎಂದು ಕೇಳಲು ಎಂಥ ಎದೆ ಬೇಕು! ಕೊನೆಗೂ ಅವರಲ್ಲಿ ಅನೇಕರಿಗೆ ಟಿ ವೀಸಾ ಸಿಕ್ಕಿತು.

ಸಿಕ್ಕರೆ ಏನು ಲಾಭ? ನಾಲ್ಕು ವರ್ಷ ಇರಬಹುದು, ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು. ನಿರಾಶ್ರಿತರಿಗೆ ಸಿಗುವಂಥ ಸರ್ಕಾರಿ ನೆರವೂ ಉಂಟು. ಮೂರು ವರ್ಷ ಕಳೆದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ. ಏಜೆಂಟನಿಗೆ ಹತ್ತು ಸಾವಿರ ಡಾಲರ್ ಸುರಿದರೂ ಸಿಗದ ಆ ಕಾರ್ಡಿನ ದಾರಿ, ಶುಲ್ಕವಿಲ್ಲದ ಒಂದು ಫಾರಂನಿಂದ ತೆರೆಯಿತು. ಹೆಂಡತಿಯನ್ನೂ 21 ದಾಟದ, ಮದುವೆಯಾಗದ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಅರ್ಜಿ ಹಾಕುವಾಗ ನಿಮಗೇ 21 ಆಗಿರದಿದ್ದರೆ ತಂದೆ ತಾಯಿ, 18ರೊಳಗಿನ ತಮ್ಮ ತಂಗಿಯರೂ ಬರಬಹುದು. ನನಗೀಗ ಇಪ್ಪತ್ತು. ಈ ವರ್ಷವಾದರೆ ಕಾನೂನಿನ ಕಣ್ಣಲ್ಲಿ ಅಪ್ಪ ಅಮ್ಮ ನನ್ನ ಕುಟುಂಬ. ಮುಂದಿನ ಹುಟ್ಟುಹಬ್ಬದ ನಂತರ, ಅವರಿಗೆ ನೇರವಾಗಿ ಏಜೆಂಟನ ಸೇಡಿನಂಥ ಅಪಾಯ ಇದ್ದರೆ ಮಾತ್ರ.

ವೀಸಾದ ಆಚೆಗೆ ಕೋರ್ಟಿನ ಹೋರಾಟ ಏಳು ವರ್ಷ ಎಳೆಯಿತು. 2015ರ ಫೆಬ್ರುವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ, ಕಂಪನಿ, ಅದರ ವಲಸೆ ವಕೀಲ ಮತ್ತು ಭಾರತದ ಏಜೆಂಟ್ ಈ ಮೂವರನ್ನೂ ಹೊಣೆ ಮಾಡಿ, ಐವರು ಕಾರ್ಮಿಕರಿಗೆ ಒಟ್ಟು 1.4 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಕಂಪನಿ ದಿವಾಳಿ ಅರ್ಜಿ ಹಾಕಿತು. ಉಳಿದ ದಾವೆಗಳೂ ಸೇರಿ 2 ಕೋಟಿ ಡಾಲರಿಗೆ ರಾಜಿ ಆಯಿತು, ಜೊತೆಗೆ ಕಂಪನಿಯ ಕ್ಷಮೆಯಾಚನೆ.

ಇಷ್ಟಾದರೂ ಟಿ ವೀಸಾ ಹೆಚ್ಚು ಜನರಿಗೆ ತಲುಪಲಿಲ್ಲ. ಸಂತ್ರಸ್ತರಿಗೆ ವರ್ಷಕ್ಕೆ 5,000 ಕೊಡಬಹುದು. ಕುಟುಂಬದವರು ಈ ಲೆಕ್ಕದಲ್ಲಿ ಇಲ್ಲ. ಮೊದಲ ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಇದರ ಅರ್ಧ ಮುಟ್ಟಲಿಲ್ಲ. ಕ್ಯಾಂಪಿನೊಳಗೆ ಇರುವವನಿಗೆ ಇಂಥದ್ದೊಂದು ಇದೆ ಎಂದು ತಿಳಿಯುವುದೇ ಕಷ್ಟ. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮ, ಮೇಲ್ನೋಟಕ್ಕೆ ನಿಜವೆನಿಸುವ ಅರ್ಜಿದಾರರಿಗೆ ಅಂತಿಮ ತೀರ್ಮಾನಕ್ಕೆ ಮೊದಲೇ ಕೆಲಸದ ಪರವಾನಗಿ ಸಿಗುವಂತೆ ಮಾಡಿತು. ಆದರೆ 2025ರ ಫೆಬ್ರುವರಿಯ ಸೂಚನೆಯಂತೆ, ಅರ್ಜಿ ತಿರಸ್ಕೃತವಾಗಿ ಬೇರೆ ವೀಸಾ ಇಲ್ಲದವರನ್ನು ಗಡಿಪಾರು ವಿಚಾರಣೆಗೆ ಕಳಿಸಬಹುದು. ಅಂಥ ಹೊತ್ತಿನಲ್ಲಿ ಹೆಸರು, ವಿಳಾಸ ಬರೆದು ಫಾರಂ ಕೊಡುವುದೇ ಒಂದು ಜೂಜು.

ಇದನ್ನೆಲ್ಲ ವೆಲ್ಡರುಗಳ ಕಥೆ ಎಂದು ನಾವು ಬಿಇ ಓದುವವರು ಪಕ್ಕಕ್ಕೆ ಇಡುವಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಕೊಟ್ಟ ಎಚ್ಚರಿಕೆ ಐಟಿ ಕೌಶಲದ ಯುವಕರನ್ನೇ ಉದ್ದೇಶಿಸಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಎಂದು ಕರೆದು, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡ್ಡಿ ಕಡೆಯ ಕಾವಲಿನ ಕಟ್ಟಡಗಳಲ್ಲಿ ಕೂರಿಸಿ ಆನ್‌ಲೈನ್ ವಂಚನೆ ಮಾಡಿಸುತ್ತಿದ್ದರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಒಂದೇ ಸಲಕ್ಕೆ 283 ಜನರನ್ನು ಥಾಯ್ಲೆಂಡಿನ ಮೇ ಸಾಟ್‌ನಿಂದ ಕರೆತಂದರು. ಇಳಿದವರನ್ನು ತನಿಖಾ ಸಂಸ್ಥೆಗಳು ಕೂರಿಸಿ ಪ್ರಶ್ನೆ ಕೇಳಿದವು: ನೀವು ವಂಚಕರೋ, ವಂಚನೆಗೆ ಒಳಗಾದವರೋ?

ಟಿ ವೀಸಾದ ಅರ್ಜಿದಾರನಿಗೆ ಕೇಳುವ ಪ್ರಶ್ನೆಯೂ ಬಹುಪಾಲು ಇದೇ. ಅಪ್ಪನಿಗೆ ಇದನ್ನೂ ಹೇಳಿದೆ. ಅವರು ಗ್ರೈಂಡರ್ ಆಫ್ ಮಾಡಿ, "ಹಂಗಾದ್ರ ಹೋಗೂ ಮೊದಲು ಏಜೆಂಟಗ ಎಷ್ಟು ಕೊಟ್ಟಾರ ಅದನ್ನ ಮೊದಲು ಕೇಳಬೇಕು ನೋಡು" ಅಂದರು.